ಬಂಜರು ಅಲೆಗಳ ಬೇಸಾಯ

1909ರ ಜನವರಿ 2ರಂದು ನ್ಯೂಯಾರ್ಕ್ ನಗರದ ಹೋಟೆಲ್ ಅನ್ಸೋನಿಯಾದಲ್ಲಿ ಬೆರಳೆಣಿಕೆಯ ಹುಡುಗರು ಸಭೆ ಸೇರಿದರು. ದೊಡ್ಡವರ ಕಂಪನಿಗಳನ್ನು ಅನುಕರಿಸಿ ತಮ್ಮ ಸಂಘಕ್ಕೆ 'ಜೂನಿಯರ್ ವೈರ್‌ಲೆಸ್ ಕ್ಲಬ್ ಲಿಮಿಟೆಡ್' ಎಂದು ಹೆಸರಿಟ್ಟರು. ಹೋಟೆಲಿನ ಒಡೆಯರ ಮಗ ಡಬ್ಲ್ಯು. ಇ. ಡಿ. ಸ್ಟೋಕ್ಸ್ ಜೂನಿಯರ್ ಅಧ್ಯಕ್ಷನಾದ. ಅವನು ಆಗಷ್ಟೇ ಹದಿಹರೆಯಕ್ಕೆ ಕಾಲಿಡುತ್ತಿದ್ದ. ನಿಸ್ತಂತು ತಂತ್ರಜ್ಞಾನದಲ್ಲಿ ಆಗಲೇ ದೊಡ್ಡ ಹೆಸರಾಗಿದ್ದ ರೆಜಿನಾಲ್ಡ್ ಫೆಸೆಂಡೆನ್ ಈ ಹುಡುಗರಿಗೆ ಸಲಹೆಗಾರರಾಗಲು ಒಪ್ಪಿದರು. 1911ರಲ್ಲಿ ಕ್ಲಬ್ಬು 'ರೇಡಿಯೋ ಕ್ಲಬ್ ಆಫ್ ಅಮೆರಿಕ' ಎಂದು ಹೆಸರು ಬದಲಿಸಿಕೊಂಡಿತು. ಅದು ಇಂದಿಗೂ ಇದೆ.

ನನ್ನ ಪಿಎಚ್.ಡಿ. ಅಧ್ಯಯನ ನಮ್ಮ ಕಡೆಯ ರೇಡಿಯೋ ಚರಿತ್ರೆಯ ಬಗ್ಗೆ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ ಕಥೆ ಕನ್ನಡದ ಓದುಗರಿಗೆ ಹೊಸದಲ್ಲ. 'ಆಕಾಶವಾಣಿ' ಎಂಬ ಹೆಸರು ಮುಂದೆ ದೇಶಕ್ಕೆಲ್ಲ ಹಬ್ಬಿದ್ದು ಅಲ್ಲಿಂದಲೇ. ಸರ್ಕಾರವೂ ಅಲ್ಲದ, ಕಂಪನಿಯೂ ಅಲ್ಲದ ಒಬ್ಬ ವ್ಯಕ್ತಿ ಆಕಾಶಕ್ಕೆ ದನಿ ಬಿಡಬಹುದು ಎಂಬ ಧೈರ್ಯ ಎಲ್ಲಿಂದ ಬಂತು ಎಂದು ಹುಡುಕುತ್ತ ಹೊರಟವನಿಗೆ ಸಿಕ್ಕಿದ್ದು ಹವ್ಯಾಸಿಗಳ ಕ್ಲಬ್ಬುಗಳು. ಅವುಗಳಲ್ಲಿ ನ್ಯೂಯಾರ್ಕಿನ ಈ ಕ್ಲಬ್ಬಿನ ಮೊದಲ ಹನ್ನೆರಡು ವರ್ಷಗಳ ಬಗ್ಗೆ ಬರೆಯಬೇಕು ಅನ್ನಿಸಿತು. ಆಕಾಶ ಯಾರದ್ದು ಎಂಬ ಪ್ರಶ್ನೆ ಅಷ್ಟು ಬಿಚ್ಚಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ಆ ಹುಡುಗರ ಕೈಯಲ್ಲಿದ್ದ ಸಾಮಾನು ನೋಡಿದರೆ ಇಂದು ನಗು ಬರಬಹುದು. ಓಟ್ಸ್ ತುಂಬಿ ಬರುತ್ತಿದ್ದ ರಟ್ಟಿನ ಡಬ್ಬಿಗೆ ತಾಮ್ರದ ತಂತಿ ಸುತ್ತಿದರೆ ಸುರುಳಿ ಸಿದ್ಧ. ಗೆಲೀನಾ ಎಂಬ ಸೀಸದ ಅದಿರಿನ ಹರಳಿಗೆ ಸಣ್ಣ ತಂತಿ ತಾಗಿಸಿ, ಕಿವಿಗೆ ಹೆಡ್‌ಫೋನ್ ಹಚ್ಚಿಕೊಂಡರೆ ಗ್ರಾಹಕ ಸಿದ್ಧ. ಕಳಿಸುವುದಕ್ಕೆ ಸ್ಪಾರ್ಕ್ ಯಂತ್ರ. ಎರಡು ಲೋಹದ ತುದಿಗಳ ನಡುವೆ ಚಟಚಟನೆ ಕಿಡಿ ಹಾರಿಸಿ, ಆ ಕಿಡಿಯನ್ನು ಮೋರ್ಸ್ ಸಂಕೇತದ ಚುಕ್ಕೆ ಗೆರೆಗಳಾಗಿ ಕತ್ತರಿಸಿ ಕಳಿಸುತ್ತಿದ್ದರು.

ಈ ಕಿಡಿಗೆ ಒಂದು ದೊಡ್ಡ ದೋಷವಿತ್ತು. ಅದರ ಅಲೆ ಒಂದೇ ಜಾಗದಲ್ಲಿ ನಿಲ್ಲದೆ ಅಕ್ಕಪಕ್ಕಕ್ಕೆಲ್ಲ ಹರಡುತ್ತಿತ್ತು. ಒಂದು ಬೀದಿಯಲ್ಲಿ ಒಬ್ಬ ಕಳಿಸುತ್ತಿದ್ದರೆ ಸುತ್ತಲಿನವರೆಲ್ಲ ಬಾಯಿ ಮುಚ್ಚಿಕೊಂಡು ಕೂರಬೇಕು. ಹಾಗಾಗಿ ಹವ್ಯಾಸಿಗಳಿಗೆ ಕ್ಲಬ್ಬು ಹರಟೆಯ ಕಟ್ಟೆಗಿಂತ ಹೆಚ್ಚಿನದಾಗಿತ್ತು. ಯಾರು ಯಾವಾಗ ಕಳಿಸಬೇಕು, ಎಷ್ಟು ಹೊತ್ತು ಕಳಿಸಬೇಕು ಎಂಬುದನ್ನು ತಮ್ಮತಮ್ಮಲ್ಲೇ ಮಾತಾಡಿಕೊಳ್ಳದಿದ್ದರೆ ಯಾರಿಗೂ ಏನೂ ಕೇಳಿಸದು. ಮೊದಲು ಕೇಳಿಸಿಕೊ, ಜಾಗ ಖಾಲಿ ಇದೆಯೋ ನೋಡು, ಆಮೇಲೆ ಕರೆ ಎನ್ನುವ ಶಿಸ್ತು ಜಗತ್ತಿನ ಹ್ಯಾಮ್‌ಗಳಲ್ಲಿ ಇಂದಿಗೂ ಉಳಿದಿದೆ. ಅದರ ಹಿಂದೆ ಇಂಥ ಇಕ್ಕಟ್ಟಿನ ಅನುಭವವಿದೆ.

ಇಕ್ಕಟ್ಟು ಹವ್ಯಾಸಿಗಳ ನಡುವೆ ಮಾತ್ರ ಇರಲಿಲ್ಲ. ನೌಕಾಪಡೆಯ ಹಡಗುಗಳೂ ವಾಣಿಜ್ಯ ಕಂಪನಿಗಳೂ ಇದೇ ಆಕಾಶದಲ್ಲಿದ್ದವು. ಹುಡುಗರು ತಮ್ಮ ಸಂದೇಶಗಳಿಗೆ ಅಡ್ಡಿಯಾಗುತ್ತಾರೆ ಎಂಬುದು ನೌಕಾಪಡೆಯ ದೂರು. ಆ ದೂರಿನಲ್ಲಿ ಸತ್ಯವೂ ಇತ್ತು. ತಮಾಷೆಗೆಂದು ಸುಳ್ಳು ಸಂದೇಶ ಕಳಿಸಿದವರೂ ಇದ್ದರು. 1910ರಲ್ಲಿ ಹವ್ಯಾಸಿಗಳಿಗೆ ಮೂಗುದಾರ ಹಾಕುವ ಮಸೂದೆಯೊಂದು ಸೆನೆಟ್ಟಿನ ಮುಂದೆ ಬಂದಾಗ ಸ್ಟೋಕ್ಸ್ ವಾಷಿಂಗ್ಟನ್ನಿಗೆ ಹೋಗಿ ಸಮಿತಿಯ ಎದುರು ಅದನ್ನು ವಿರೋಧಿಸಿ ಮಾತಾಡಿದ. ಮಸೂದೆ ಕಾನೂನಾಗಲಿಲ್ಲ. ಈ ಜಯದ ಹಿಂದೆ ಬರೀ ಬಾಲಕನ ಧೈರ್ಯವಿದೆ ಎಂದು ನಂಬುವುದು ಕಷ್ಟ. ಅವನ ತಂದೆ ನಗರದ ದೊಡ್ಡ ಶ್ರೀಮಂತರು. ಸೆನೆಟ್ಟಿನ ಬಾಗಿಲು ಎಲ್ಲ ಮಕ್ಕಳಿಗೂ ತೆರೆಯುವಂಥದ್ದಲ್ಲ.

1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿತು. ಹಡಗು ಸುರಕ್ಷಿತವಾಗಿದೆ, ಅದನ್ನು ಬಂದರಿಗೆ ಎಳೆದು ತರಲಾಗುತ್ತಿದೆ ಎಂಬ ಸುಳ್ಳು ಸುದ್ದಿ ಪತ್ರಿಕೆಗಳಲ್ಲಿ ಬಂತು. ಇದಕ್ಕೆ ಹವ್ಯಾಸಿಗಳೇ ಕಾರಣ ಎಂಬ ಆರೋಪ ಹುಟ್ಟಿತು. ಅದೇ ಆಗಸ್ಟ್ 13ರಂದು ಅಮೆರಿಕದ ರೇಡಿಯೋ ಕಾನೂನಿಗೆ ಅಂಕಿತ ಬಿತ್ತು. ಹವ್ಯಾಸಿಗಳು ಪರವಾನಗಿ ಪಡೆಯಬೇಕು, 1 ಕಿಲೋವ್ಯಾಟಿಗಿಂತ ಹೆಚ್ಚು ಶಕ್ತಿ ಬಳಸಕೂಡದು, ಅವರ ಅಲೆಯ ಉದ್ದ 200 ಮೀಟರಿಗಿಂತ ಹೆಚ್ಚಿರಕೂಡದು ಎಂದು ಅದು ವಿಧಿಸಿತು.

ಈ 200 ಮೀಟರಿನ ಲೆಕ್ಕವೇ ಇಡೀ ಕಥೆಯ ತಿರುವು. ಅಲೆ ಉದ್ದವಾದಷ್ಟೂ ದೂರ ಹೋಗುತ್ತದೆ ಎಂಬುದು ಅಂದಿನ ತಜ್ಞರ ನಂಬಿಕೆ. ಸಾಗರ ದಾಟುವ ಕೇಂದ್ರಗಳು ಸಾವಿರಾರು ಮೀಟರ್ ಉದ್ದದ ಅಲೆಗಳನ್ನು ಬಳಸುತ್ತಿದ್ದವು. 200 ಮೀಟರಿನ ಕೆಳಗಿನದು ಪ್ರಯೋಜನಕ್ಕೆ ಬಾರದ ಜಾಗ. ಅಲ್ಲಿ ಬಿಟ್ಟರೆ ಇವರ ಸದ್ದು ಊರಿನಾಚೆ ಹೋಗದೆ ತಾನಾಗಿಯೇ ಅಡಗುತ್ತದೆ ಎಂಬ ಎಣಿಕೆ. ನಮ್ಮ ಹಳ್ಳಿಗಳಲ್ಲಿ ಒಕ್ಕಲಿಗೆ ಬಂಜರು ನೆಲ ಬಿಟ್ಟುಕೊಟ್ಟು ಉದಾರಿ ಅನ್ನಿಸಿಕೊಳ್ಳುವ ಜಮೀನ್ದಾರನ ಹಾಗೆ ಕಾನೂನು ಅವರಿಗೆ ಆಕಾಶ ಕೊಟ್ಟಿತ್ತು.

ಈ ನೆಲದಲ್ಲಿ ಉಳುಮೆ ಮಾಡಲು ಜೊತೆಗಾರರು ಬೇಕಿತ್ತು. 1914ರಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡಿನಲ್ಲಿ ಹೈರಮ್ ಪರ್ಸಿ ಮ್ಯಾಕ್ಸಿಮ್ 'ಅಮೆರಿಕನ್ ರೇಡಿಯೋ ರಿಲೇ ಲೀಗ್' ಕಟ್ಟಿದರು. ನನ್ನ ಸದ್ದು ದೂರದ ಊರಿಗೆ ತಲುಪದಿದ್ದರೆ ನಡುವಿನ ಊರಿನವನು ಅದನ್ನು ಕೇಳಿಸಿಕೊಂಡು ಮುಂದಕ್ಕೆ ಕಳಿಸಲಿ ಎಂಬ ಸರಳ ಉಪಾಯವದು. ನ್ಯೂಯಾರ್ಕಿನ ಕ್ಲಬ್ಬು ಇನ್ನೊಂದು ದಾರಿ ಹಿಡಿಯಿತು. ಅದರ ಸದಸ್ಯರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೂಡುತ್ತಿದ್ದರು, ತಾವು ಕಂಡುಕೊಂಡದ್ದನ್ನು ಪ್ರಬಂಧವಾಗಿ ಓದುತ್ತಿದ್ದರು, ಚರ್ಚಿಸುತ್ತಿದ್ದರು. ಕ್ಷೀಣ ಸಂಕೇತವನ್ನು ಹಿಗ್ಗಿಸುವ ರೀಜನರೇಟಿವ್ ಸರ್ಕಿಟ್ಟನ್ನು 1912ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ರೂಪಿಸಿದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಈ ಬಳಗದವನು. ಮೊದಲ ಮಹಾಯುದ್ಧದಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ, 1918ರಲ್ಲಿ, ಅವನು ಸೂಪರ್‌ಹೆಟರೊಡೈನ್ ಗ್ರಾಹಕವನ್ನು ರೂಪಿಸಿದ. ನಮ್ಮ ತಾತಂದಿರು ಮೇಜಿನ ಮೇಲಿಟ್ಟುಕೊಂಡಿದ್ದ ರೇಡಿಯೋ ಪೆಟ್ಟಿಗೆಗಳ ಒಳಗಿದ್ದದ್ದು ಅದೇ ತತ್ವ.

ಯುದ್ಧ ಬಂದಾಗ ಬಂಜರು ನೆಲವೂ ಕೈತಪ್ಪಿತು. 1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿಯುತ್ತಿದ್ದಂತೆ ಹವ್ಯಾಸಿಗಳೆಲ್ಲ ಏರಿಯಲ್ ಇಳಿಸಬೇಕೆಂದು ಆಜ್ಞೆಯಾಯಿತು. ಯುದ್ಧ ಮುಗಿದರೂ ನೌಕಾಪಡೆಗೆ ಆಕಾಶವನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ. ಹವ್ಯಾಸಿಗಳು ಮತ್ತೆ ಸಂದೇಶ ಕಳಿಸಲು ಅನುಮತಿ ಸಿಕ್ಕಿದ್ದು 1919ರ ಅಕ್ಟೋಬರ್‌ನಲ್ಲಿ. ಮುಂದಿನ ಸಲ ಯಾರಾದರೂ ಕಸಿಯಲು ಬಂದರೆ ತಮ್ಮಿಂದ ಏನು ಉಪಯೋಗ ಎಂದು ತೋರಿಸಲು ಅವರಿಗೆ ಒಂದು ಸಾಕ್ಷಿ ಬೇಕಿತ್ತು. ಅಟ್ಲಾಂಟಿಕ್ ಸಾಗರ ದಾಟುವುದಕ್ಕಿಂತ ದೊಡ್ಡ ಸಾಕ್ಷಿ ಯಾವುದಿದ್ದೀತು?

1921ರ ಫೆಬ್ರವರಿಯ ಮೊದಲ ಪ್ರಯತ್ನದಲ್ಲಿ ಬ್ರಿಟನ್ನಿನವರಿಗೆ ಏನೂ ಕೇಳಿಸಲಿಲ್ಲ. ಎರಡನೆಯ ಸಲ ಲೀಗಿನವರು ಪಾಲ್ ಗಾಡ್ಲಿ ಎಂಬ ನುರಿತ ಹವ್ಯಾಸಿಯನ್ನೇ ಗ್ರಾಹಕ ಯಂತ್ರಗಳ ಸಮೇತ ಹಡಗು ಹತ್ತಿಸಿ ಕಳಿಸಿದರು. ಸ್ಕಾಟ್ಲೆಂಡಿನ ಆರ್ಡ್ರೋಸನ್ ಎಂಬ ಕಡಲೂರಿನಲ್ಲಿ, ಡಿಸೆಂಬರಿನ ಚಳಿಮಳೆಯಲ್ಲಿ ಗಾಡ್ಲಿ ಡೇರೆ ಹಾಕಿದರು. ಕಂಬಗಳ ಮೇಲೆ ಸುಮಾರು 1,300 ಅಡಿ ಉದ್ದದ ತಂತಿ ಎಳೆದರು. ಜೊತೆಗೆ ಸಾಕ್ಷಿಯಾಗಿ ಮಾರ್ಕೋನಿ ಕಂಪನಿಯ ಒಬ್ಬ ಇನ್‌ಸ್ಪೆಕ್ಟರ್. ಮುಂದಿದ್ದದ್ದು ಆರ್ಮ್‌ಸ್ಟ್ರಾಂಗ್ ತತ್ವದ ಸೂಪರ್‌ಹೆಟರೊಡೈನ್.

ಇತ್ತ ಕನೆಕ್ಟಿಕಟ್‌ನ ಗ್ರೀನಿಚ್‌ನಲ್ಲಿ, ಮಿಂಟನ್ ಕ್ರಾಂಕೈಟ್ ಅವರ ಮನೆಯ ಆವರಣದಲ್ಲಿ, ರೇಡಿಯೋ ಕ್ಲಬ್ಬಿನ ಆರು ಗೆಳೆಯರು ಸೇರಿ ಒಂದು ಪುಟ್ಟ ಗುಡಿಸಲು ಕಟ್ಟಿದ್ದರು. ಕರೆಸಂಕೇತ 1ಬಿಸಿಜಿ. ಕಿಡಿಯ ಯಂತ್ರ ಬಿಟ್ಟು ವಾಲ್ವ್ ಬಳಸಿದ್ದರಿಂದ ಅವರ ಅಲೆ ಚೆಲ್ಲಾಪಿಲ್ಲಿಯಾಗದೆ ಒಂದೇ ಕಡೆ ನಿಲ್ಲುತ್ತಿತ್ತು. ಶಕ್ತಿ ಸುಮಾರು 1 ಕಿಲೋವ್ಯಾಟ್. ಅಲೆಯ ಉದ್ದ ಸುಮಾರು 230 ಮೀಟರ್, ಅಂದರೆ ಬಂಜರು ಎನಿಸಿದ್ದ ನೆಲದ ಅಂಚಿನಲ್ಲೇ. ಡಿಸೆಂಬರ್ 11ರ ರಾತ್ರಿ ಅಲ್ಲಿಂದ ಹೊರಟ ಸಂದೇಶವನ್ನು ಗಾಡ್ಲಿ ಪೂರ್ತಿಯಾಗಿ ಬರೆದುಕೊಂಡರು. ಸ್ಕಾಟ್ಲೆಂಡಿನಲ್ಲಿ ಆಗಲೇ 12ನೆಯ ತಾರೀಕಿನ ನಸುಕು. ಆ ಪರೀಕ್ಷೆಯ ದಿನಗಳಲ್ಲಿ ಅವರಿಗೆ ಅಮೆರಿಕದ ಇಪ್ಪತ್ತಕ್ಕೂ ಹೆಚ್ಚು ಹವ್ಯಾಸಿ ಕೇಂದ್ರಗಳು ಕೇಳಿಸಿದವು.

ಎರಡು ವರ್ಷದೊಳಗೆ, 1923ರ ನವೆಂಬರ್‌ನಲ್ಲಿ, ಫ್ರಾನ್ಸಿನ ಲಿಯೋನ್ ದೆಲ್ವಾ ಮತ್ತು ಅಮೆರಿಕದ ಫ್ರೆಡ್ ಶ್ನೆಲ್ ಹಾಗೂ ಜಾನ್ ರೈನಾರ್ಟ್ಜ್ ಸುಮಾರು 110 ಮೀಟರಿನಲ್ಲಿ ಸಾಗರದಾಚೆ ಈಚೆ ಮಾತುಕತೆಯನ್ನೇ ನಡೆಸಿದರು. ಅಲೆ ಗಿಡ್ಡವಾದಷ್ಟೂ ಕೆಲಸ ಸುಲಭವಾಗುತ್ತಿತ್ತು. ಭೂಮಿಯ ಮೇಲೆ ಎತ್ತರದಲ್ಲಿ ವಿದ್ಯುತ್ಕಣಗಳ ಪದರವೊಂದಿದೆ, ಕಿರುತರಂಗಗಳು ಅದಕ್ಕೆ ಬಡಿದು ನೆಲಕ್ಕೆ ಮರಳುತ್ತವೆ ಎಂಬುದನ್ನು ಎಡ್ವರ್ಡ್ ಆಪಲ್ಟನ್ 1924ರಿಂದಾಚೆಗೆ ಪ್ರಯೋಗಗಳಲ್ಲಿ ತೋರಿಸಿಕೊಟ್ಟರು. ಹವ್ಯಾಸಿಗಳು ವಿವರಣೆ ಹುಟ್ಟುವ ಮೊದಲೇ ಬೆಳೆ ತೆಗೆದಿದ್ದರು.

ಬೆಳೆ ಕಂಡ ಮೇಲೆ ಒಡೆಯರಿಗೆ ಹೊಲದ ನೆನಪಾಯಿತು. ಕಂಪನಿಗಳೂ ಸರ್ಕಾರಗಳೂ ಕಿರುತರಂಗಕ್ಕೆ ಮುಗಿಬಿದ್ದವು. 1927ರ ವಾಷಿಂಗ್ಟನ್ ಅಂತರರಾಷ್ಟ್ರೀಯ ಸಮ್ಮೇಳನ ಹವ್ಯಾಸಿಗಳಿಗೆ 160, 80, 40, 20, 10 ಮೀಟರಿನಂಥ ಕಿರಿದಾದ ಪಟ್ಟಿಗಳನ್ನಷ್ಟೇ ಬಿಟ್ಟಿತು. ಅದೇ ವರ್ಷ ಬ್ರಿಟನ್ನು ಮತ್ತು ಭಾರತದ ನಡುವೆ ಕಿರುತರಂಗದ ಟೆಲಿಗ್ರಾಫ್ ಸೇವೆ ಶುರುವಾಯಿತು. ಹುಡುಗರು ತೆರೆದ ದಾರಿಯಲ್ಲಿ ಸಾಮ್ರಾಜ್ಯದ ಆಜ್ಞೆಗಳು ಓಡಾಡತೊಡಗಿದವು.

ಆದರೆ ದಾರಿಗೆ ಒಡೆಯರ ಗುರುತು ಸಿಗುವುದಿಲ್ಲ. ಎರಡನೆಯ ಮಹಾಯುದ್ಧ ಶುರುವಾದಾಗ ಭಾರತದ ಹವ್ಯಾಸಿಗಳ ಪರವಾನಗಿಗಳು ರದ್ದಾದವು. 1942ರಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ಮುಂಬಯಿಯಲ್ಲಿ ಜಾಗ ಬದಲಿಸುತ್ತ ನಡೆಸಿದ ಗುಪ್ತ ಕಾಂಗ್ರೆಸ್ ರೇಡಿಯೋ ಕೇಳಿಬಂದದ್ದು 42.34 ಮೀಟರಿನಲ್ಲಿ. 1912ರ ಕಾನೂನು ಕೆಲಸಕ್ಕೆ ಬಾರದ್ದೆಂದು ಹವ್ಯಾಸಿಗಳಿಗೆ ತಳ್ಳಿದ್ದ ಜಾಗದಲ್ಲೇ ಅದು ಬರುತ್ತದೆ. ಇಂದು ಬೆಂಗಳೂರಿನ ಹ್ಯಾಮ್‌ಗಳು ಹೆಚ್ಚಾಗಿ ಮಾತಾಡಿಕೊಳ್ಳುವ 40 ಮೀಟರ್ ಪಟ್ಟಿಯೂ ಅದರ ನೆರೆಯದೇ.

ಈ ಚರಿತ್ರೆಯನ್ನು ಹೊಗಳಿಕೆಯಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ. ಅನ್ಸೋನಿಯಾದ ಸಭೆಯಲ್ಲಿ ಹುಡುಗಿಯರಿರಲಿಲ್ಲ. ಹುಡುಗಿಯರಿಗೆ ಆಸಕ್ತಿಯಿರಲಿಲ್ಲ ಎನ್ನುವಂತಿಲ್ಲ. ಕ್ಯಾಲಿಫೋರ್ನಿಯಾದ ಗ್ಲಾಡಿಸ್ ಪಾರ್ಕಿನ್ 1916ರಲ್ಲಿ, ಹದಿಹರೆಯದಲ್ಲೇ, ಸರ್ಕಾರದ ಮೊದಲ ದರ್ಜೆಯ ಪರವಾನಗಿ ಪಡೆದಿದ್ದಳು. ಬಿಡುವು, ದುಡ್ಡು, ತಾರಸಿ ಇದ್ದವರಿಗೇ ಆಕಾಶ ಮೊದಲು ಸಿಕ್ಕಿತು. 'ಹವ್ಯಾಸಿ' ಎಂಬ ಪದವನ್ನು ನಾವು ಸಲೀಸಾಗಿ ಬಳಸುವಾಗ ಈ ಲೆಕ್ಕ ಮರೆಯಬಾರದು.

ಇಷ್ಟಾದರೂ ಆ ರಾತ್ರಿಯ ಸಂದೇಶದ ಒಕ್ಕಣೆ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಸಾಗರ ದಾಟಿದ ಆ ಸಾಲಿನಲ್ಲಿ ಸುದ್ದಿಯಿಲ್ಲ, ಘೋಷಣೆಯಿಲ್ಲ. ಗಾಡ್ಲಿಗೆ ಹೃತ್ಪೂರ್ವಕ ಅಭಿನಂದನೆ, ಆಮೇಲೆ ಹೆಸರುಗಳು: ಬರ್ಗಾರ್ಡ್, ಇನ್ಮನ್, ಗ್ರಿನಾನ್, ಆರ್ಮ್‌ಸ್ಟ್ರಾಂಗ್, ಏಮಿ, ಕ್ರಾಂಕೈಟ್. ಪರವಾನಗಿ ಒಬ್ಬನ ಹೆಸರಿನಲ್ಲಿತ್ತು, ಮನೆ ಒಬ್ಬನದಾಗಿತ್ತು, ಆ ಆರು ಜನರಲ್ಲಿ ಒಬ್ಬನ ಹೆಸರು ಆಗಲೇ ದೊಡ್ಡದಾಗಿತ್ತು. ಸಂದೇಶದಲ್ಲಿ ಮಾತ್ರ ಆರು ಹೆಸರುಗಳೂ ಒಂದೇ ಸಾಲಿನಲ್ಲಿ, ಹಿರಿದು ಕಿರಿದೆನ್ನದೆ, ಚುಕ್ಕೆ ಗೆರೆಗಳಾಗಿ ಹೋದವು.