ಕರ್ನಾಟಕದಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಚಳವಳಿ

ಸಲಿಂಗಿಗಳು, ಉಭಯಲಿಂಗಾಸಕ್ತರು, ಹಿಜ್ರಾಗಳು, ಕೋತಿಗಳು (ಹೆಣ್ಣಿನ ನಡೆನುಡಿಯ ಗಂಡಸರು), ಜೋಗಪ್ಪಂದಿರು ‘ಲೈಂಗಿಕ ಅಲ್ಪಸಂಖ್ಯಾತರು’ ಎಂಬ ಹೆಸರಿನಡಿ ಒಂದಾಗಿ ಹಕ್ಕು ಕೇಳಿದ ಹೋರಾಟವಿದು. ಇದರ ಕೇಂದ್ರ ಬೆಂಗಳೂರು.

ಸೀರೆ ಉಟ್ಟ ಗಂಡು ಈ ನಾಡಿಗೆ ಹೊಸಬನಲ್ಲ. ಹೊನ್ನಾವರ, ಕುಮಟಾ ಸೀಮೆಯ ಯಕ್ಷಗಾನದಲ್ಲಿ ಸ್ತ್ರೀವೇಷ ಕಟ್ಟುತ್ತ ಬಂದವರು ಗಂಡಸರೇ. ಬೆಳಗಾದರೆ ಅವರು ಬಣ್ಣ ಕಳೆದು ಮನೆ ಸೇರುತ್ತಾರೆ. ಆದರೆ ಸವದತ್ತಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ದೇವಿಗೆ ಮುಡಿಪಾದ ಜೋಗಪ್ಪನಿಗೆ ಆ ಸೀರೆಯೇ ಬದುಕು. ರಂಗಸ್ಥಳದಲ್ಲೂ ಗುಡಿಯಲ್ಲೂ ಇದ್ದ ಈ ಜಾಗ ಠಾಣೆಯಲ್ಲಿ ಇರಲಿಲ್ಲ. 1860ರ ಭಾರತೀಯ ದಂಡಸಂಹಿತೆಯ 377ನೇ ಸೆಕ್ಷನ್ ಸಲಿಂಗ ಸಂಬಂಧವನ್ನು ಅಪರಾಧವಾಗಿಸಿತು. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಹಿಜ್ರಾಗಳ ಹೆಸರು, ವಿಳಾಸ ಬರೆದಿಡಲು ಅವಕಾಶ ಕೊಟ್ಟಿತು.

1994ರಲ್ಲಿ ಬೆಂಗಳೂರಿನಲ್ಲಿ ‘ಗುಡ್ ಆ್ಯಸ್ ಯು’ ಎಂಬ ಬೆಂಬಲ ಗುಂಪು ಹುಟ್ಟಿತು. 1999ರಲ್ಲಿ ಶುರುವಾದ ‘ಸಂಗಮ’ ಸಂಸ್ಥೆ ಇಂಗ್ಲಿಷ್ ಬಾರದ, ಬೀದಿಯಲ್ಲಿ ಪೊಲೀಸರ ಲಾಠಿಗೆ ಸಿಗುತ್ತಿದ್ದ ಹಿಜ್ರಾ, ಕೋತಿಗಳತ್ತ ಚಳವಳಿಯನ್ನು ಹೊರಳಿಸಿತು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್–ಕರ್ನಾಟಕ 2001 ಮತ್ತು 2003ರ ವರದಿಗಳಲ್ಲಿ ಈ ದೌರ್ಜನ್ಯವನ್ನು ದಾಖಲಿಸಿತು. 2008ರ ಜೂನ್ 29ರಂದು ಬೆಂಗಳೂರಿನಲ್ಲಿ ಮೊದಲ ಪ್ರೈಡ್ ಮೆರವಣಿಗೆ ಹೊರಟಿತು.

ಹಳೆಯ ಕಡತ ಮಾತ್ರ ಮುಚ್ಚಿರಲಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿದ 36ಎ ಸೆಕ್ಷನ್, 1871ರ ಕಾಯ್ದೆಯಂತೆಯೇ ಹಿಜ್ರಾಗಳ ಹೆಸರು ದಾಖಲಿಸುವ ಅಧಿಕಾರವನ್ನು ಪೊಲೀಸರಿಗೆ ನೀಡಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. 2016ರಲ್ಲಿ ಆ ಸೆಕ್ಷನ್‌ನಿಂದ ಹಿಜ್ರಾ ಸಮುದಾಯವನ್ನು ಗುರುತಿಸುತ್ತಿದ್ದ ಪದವನ್ನು ಕೈಬಿಡಲಾಯಿತು.

ಮನ್ನಣೆಯೂ ಇದೇ ಹೊತ್ತಿಗೆ ಬಂತು. 2013ರಲ್ಲಿ ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ ಸಲಿಂಗಿಯ ಬದುಕನ್ನು ಕನ್ನಡ ಕಥೆಯ ನಡುಮನೆಗೆ ತಂದಿತು. ‘ನಾನು ಅವನಲ್ಲ... ಅವಳು’ ಚಿತ್ರದ ಟ್ರಾನ್ಸ್‌ಜೆಂಡರ್ ಪಾತ್ರದ ಅಭಿನಯಕ್ಕೆ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು. ಟ್ರಾನ್ಸ್‌ಜೆಂಡರ್ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಅವರಿಗೆ 2015ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಸಂದಿತು. ಜೋಗತಿ ನೃತ್ಯದ ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು; 2021ರ ಪದ್ಮಶ್ರೀಯೂ ಅವರದಾಯಿತು.

ಸುಪ್ರೀಂ ಕೋರ್ಟ್ 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ತೃತೀಯ ಲಿಂಗವನ್ನು ಒಪ್ಪಿತು; 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಂಬಂಧವನ್ನು 377ರಿಂದ ಹೊರಗಿಟ್ಟಿತು. ಲಿಂಗತ್ವ ಅಲ್ಪಸಂಖ್ಯಾತರಿಗೆ (ಟ್ರಾನ್ಸ್‌ಜೆಂಡರ್) ಗುರುತಿನ ಪ್ರಮಾಣಪತ್ರ ನೀಡುವ ಹೊಣೆಯನ್ನು 2019ರ ಕೇಂದ್ರ ಕಾಯ್ದೆ ಜಿಲ್ಲಾಧಿಕಾರಿಗೆ ವಹಿಸಿತು. 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಇವರಿಗೆ ಶೇ 1 ಮೀಸಲಾತಿ ಕೊಟ್ಟ ದೇಶದ ಮೊದಲ ರಾಜ್ಯ ಕರ್ನಾಟಕ.

ಸಲಿಂಗ ಮದುವೆಗೆ ಮಾನ್ಯತೆ ನೀಡಲು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ನಿರಾಕರಿಸಿತು. ಮರುವರ್ಷ ಕೇಂದ್ರ ಸರ್ಕಾರ, ಪಡಿತರ ಚೀಟಿಯ ಮಟ್ಟಿಗೆ ಸಲಿಂಗಿ ಜೋಡಿಯನ್ನು ಒಂದೇ ಮನೆಯವರೆಂದು ಎಣಿಸುವಂತೆ ರಾಜ್ಯಗಳಿಗೆ ತಿಳಿಸಿತು.