ಋತುಬಂಧದ ನಂತರದ ಯೋನಿ ಶುಷ್ಕತೆ

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕುಗ್ಗಿ ಯೋನಿಯ ಒಳಪದರ ತೆಳುವಾಗಿ ಒಣಗುವ ಸ್ಥಿತಿ. ಉರಿ, ತುರಿಕೆ, ಸಂಭೋಗದಲ್ಲಿ ನೋವು, ಪದೇ ಪದೇ ಮೂತ್ರದ ಸೋಂಕು ಇದರ ಲಕ್ಷಣಗಳು. ಅಂಡಾಶಯ ಸಹಿತ ಗರ್ಭಕೋಶ ತೆಗೆಸಿಕೊಂಡವರಲ್ಲಿ ಚಿಕ್ಕ ವಯಸ್ಸಿಗೇ ಕಾಣಿಸುತ್ತದೆ. ಋತುಬಂಧದ ಇನ್ನೊಂದು ತೊಂದರೆಯಾದ ಮೈ ಬಿಸಿಯೇರುವುದು ಕ್ರಮೇಣ ತಗ್ಗಬಹುದು. ಶುಷ್ಕತೆ ಮಾತ್ರ ಚಿಕಿತ್ಸೆಯಿಲ್ಲದೆ ಸಾಮಾನ್ಯವಾಗಿ ಹೋಗದು.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಕಬ್ಬಿನ ಹೊಲಗಳಲ್ಲಿ, ನಿಪ್ಪಾಣಿಯ ತಂಬಾಕು ಕೆಲಸದಲ್ಲಿ ದಿನವಿಡೀ ದುಡಿಯುವ ಹೆಣ್ಣುಮಕ್ಕಳಿಗೆ ಇದು ಇನ್ನಷ್ಟು ಕಷ್ಟ. ಹತ್ತಿರ ಶೌಚಾಲಯವಿಲ್ಲವೆಂದು ನೀರು ಕುಡಿಯದೆ, ಮೂತ್ರ ತಡೆದುಕೊಂಡರೆ ಸೋಂಕಿಗೆ ದಾರಿಯಾಗುತ್ತದೆ. ‘ವಯಸ್ಸಾತು, ತಡಕೋಬೇಕು’ ಎಂಬ ಮಾತು ತಪ್ಪು. ಆಶಾ ಕಾರ್ಯಕರ್ತೆಯೊಂದಿಗೆ ಬಾಣಂತನದಷ್ಟೇ ಸಲೀಸಾಗಿ ಇದನ್ನೂ ಮಾತಾಡುವಂತಾಗಬೇಕು.

ಒಳಗೆ ಸೋಪು, ಡೆಟಾಲ್ ಹಾಕಿ ತೊಳೆಯಬಾರದು. ಸಂಭೋಗಕ್ಕೆ ನೀರು ಆಧಾರಿತ ಜೆಲ್, ವಾರಕ್ಕೆ 2–3 ಸಲ ಯೋನಿಯ ತೇವಕಾರಕ ಬಳಸಬಹುದು. ಸಾಲದಿದ್ದರೆ ವೈದ್ಯರು ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಬರೆದುಕೊಡುತ್ತಾರೆ: ಸಾಮಾನ್ಯವಾಗಿ ಮೊದಲ ಎರಡು ವಾರ ನಿತ್ಯ ರಾತ್ರಿ, ಆಮೇಲೆ ವಾರಕ್ಕೆರಡು ಬಾರಿ. ಗುಣ ಕಾಣಲು ಕೆಲವು ವಾರ ಬೇಕು, ನಡುವೆ ಬಿಡಬಾರದು. ಸ್ತನ ಕ್ಯಾನ್ಸರ್ ಆಗಿದ್ದವರು ಮೊದಲೇ ಹೇಳಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತಾಲ್ಲೂಕು ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು.