ಒಂದೇ ತರಗತಿ, ಮೂರು ಶುಲ್ಕ

ರಾಜ್ಯೋತ್ಸವ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಘದ ಮಿತ್ರರು ಕೇಳಿದಾಗ ನಾವು ಹಿಂಜರಿದುದು ನಿಜ. ಹಗಲೆಲ್ಲ ಜಮಾ-ಖರ್ಚಿನಲ್ಲಿ ತಲೆ ಹುದುಗಿಸಿ ಕುಳಿತಿರುವ ಬ್ಯಾಂಕ್ ಗುಮಾಸ್ತರು ಕದಂಬ-ಚಾಲುಕ್ಯರ ವೈಭವವನ್ನು ಬಣ್ಣಿಸುವುದುಂಟೇ? ಆದರೆ ಚರಿತ್ರೆಯೆಂಬುದು ಶಿಲಾಶಾಸನಗಳಲ್ಲಿ ಮಾತ್ರವೇ ಇರುವುದಿಲ್ಲ. ಕಾಲೇಜಿನ ಶುಲ್ಕದ ರಸೀದಿಯಲ್ಲಿಯೂ ಇರುತ್ತದೆ. ನಮಗೆ ಪರಿಚಿತವಾದ ಆ ಕಾಗದದಿಂದಲೇ ಆರಂಭಿಸುತ್ತೇವೆ.

ಕಳೆದ ವರ್ಷ ಧಾರವಾಡದ ಕಡೆಯ ಹಿರಿಯರೊಬ್ಬರು ಮಗನ ಶಿಕ್ಷಣ ಸಾಲದ ಕಾಗದಪತ್ರಗಳನ್ನು ಹಿಡಿದು ನಮ್ಮ ಮೇಜಿನ ಮುಂದೆ ಬಂದು ಕುಳಿತರು. ಮಗ ಹುಟ್ಟಿ ಬೆಳೆದು ಓದಿದ್ದೆಲ್ಲ ಮುಂಬಯಿಯಲ್ಲಿ. ಸೀಟು ದೊರೆತದ್ದು ಕರ್ನಾಟಕದ ಒಂದು ಖಾಸಗಿ ಕಾಲೇಜಿನಲ್ಲಿ. ಕಾಲೇಜಿನವರು ಅವನ ಹೆಸರನ್ನು ಹೊರರಾಜ್ಯದವರ ಪಟ್ಟಿಯಲ್ಲಿ ಬರೆದು, ಅದಕ್ಕೆ ತಕ್ಕ ಶುಲ್ಕವನ್ನು ನಮೂದಿಸಿದ್ದರು. “ನಮ್ಮ ಊರ ಕಾಲೇಜಿನ್ಯಾಗ ನಮ್ಮ ಹುಡುಗ ಹೊರಗಿನಾಂವ ಹ್ಯಾಂಗ ಆಗ್ತಾನ್ರಿ?” ಎಂದು ಅವರು ಕೇಳಿದರು. ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಆ ಬಳಿಕ ಹುಡುಕಿ ತಿಳಿದುಕೊಂಡ ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇವೆ.

ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದುದು ಮೊದಲು ಇಂದೂರಿನಿಂದ. ಅಲ್ಲಿನ ಮಹಾತ್ಮಾ ಗಾಂಧಿ ಸ್ಮಾರಕ ವೈದ್ಯಕೀಯ ಕಾಲೇಜಿನಲ್ಲಿ ಮಧ್ಯಭಾರತ ರಾಜ್ಯದ ನಿವಾಸಿಗಳು ಬೋಧನಾ ಶುಲ್ಕವನ್ನಷ್ಟೇ ಕೊಡುತ್ತಿದ್ದರು. ಹೊರಗಿನವರು ಅದರ ಮೇಲೆ ಕ್ಯಾಪಿಟೇಶನ್ ಶುಲ್ಕವನ್ನೂ ತೆರಬೇಕಾಗಿತ್ತು. 1952ರಲ್ಲಿ ಸೇರಿದ ದೆಹಲಿಯ ವಿದ್ಯಾರ್ಥಿಯೊಬ್ಬರು ಇದನ್ನು ಪ್ರಶ್ನಿಸಿದರು. 1955ರ ಜನವರಿಯಲ್ಲಿ ತೀರ್ಪು ಬಂದಿತು. ಸಂವಿಧಾನದ 15ನೆಯ ವಿಧಿ ಜನ್ಮಸ್ಥಳದ ಆಧಾರದ ಮೇಲೆ ಭೇದ ಮಾಡಬಾರದೆನ್ನುತ್ತದೆ. ವಾಸಸ್ಥಳದ ಮಾತನ್ನು ಅಲ್ಲಿ ಹೇಳಿಲ್ಲ. ರಾಜ್ಯವು ತನ್ನ ಬೊಕ್ಕಸದಿಂದ ಕಾಲೇಜನ್ನು ಸಲಹುತ್ತದೆ. ಅಲ್ಲಿ ಓದಿದ ಸ್ಥಳೀಯರು ನಾಳೆ ವೈದ್ಯರಾಗಿ ಅದೇ ಜನರ ಸೇವೆಗೆ ನಿಲ್ಲಬಹುದು. ಆದುದರಿಂದ ಅವರಿಗೆ ರಿಯಾಯಿತಿ ಕೊಡುವುದು ಅನುಚಿತವಲ್ಲ. ಹೀಗೆಂದು ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ನಿರ್ಣಯಿಸಿದರು; ಒಬ್ಬರು ಭಿನ್ನಮತ ಬರೆದರು.

ಲೆಕ್ಕ ಬಲ್ಲವರಾಗಿ ನಾವು ಈ ವಾದವನ್ನು ತಳ್ಳಿಹಾಕಲಾರೆವು. ತೆರಿಗೆ ಕೊಟ್ಟವನಿಗೆ ರಿಯಾಯಿತಿ ಸಲ್ಲಬೇಕಾದುದೇ. ಆದರೆ ನಿವಾಸಿ ಯಾರು ಎಂಬುದನ್ನು ಗೊತ್ತುಮಾಡುವ ಗಡಿ ಎಷ್ಟು ಸ್ಥಿರ? 1956ರ ನವೆಂಬರ್ 1ರಂದು ಮಧ್ಯಭಾರತವೆಂಬ ರಾಜ್ಯವೇ ಮಧ್ಯಪ್ರದೇಶದಲ್ಲಿ ಲೀನವಾಯಿತು. ನಾವು ಪ್ರತಿವರ್ಷ ಕೊಂಡಾಡುವ ದಿನವೂ ಅದೇ. ಮುಂಬಯಿ ರಾಜ್ಯದ ಧಾರವಾಡ, ಹೈದರಾಬಾದಿನ ಕಲಬುರ್ಗಿ, ಮದ್ರಾಸಿನ ಮಂಗಳೂರು, ಕೊಡಗು ಎಲ್ಲವೂ ಅಂದು ವಿಶಾಲ ಮೈಸೂರಿನೊಳಗೆ ಬಂದುವು. ಹಿಂದಿನ ದಿನ ಪರರಾಜ್ಯದವರಾಗಿದ್ದವರು ಮರುದಿನ ಸ್ವರಾಜ್ಯದವರಾದರು. ವಿದ್ಯಾರ್ಥಿಯ ಬುದ್ಧಿಯಲ್ಲಿ ಮಾತ್ರ ಹೆಚ್ಚುಕಡಮೆ ಏನೂ ಆಗಿರಲಿಲ್ಲ.

ಇಷ್ಟರಲ್ಲಿ ನಮ್ಮ ನಾಡಿನಲ್ಲಿ ಇನ್ನೊಂದು ಬಗೆಯ ಕಾಲೇಜು ತಲೆಯೆತ್ತಿತ್ತು. ಬ್ಯಾಂಕಿನವರಾದ ನಾವು ಅಭಿಮಾನದಿಂದ ನೆನೆಯುವ ಡಾ. ಟಿ. ಎಂ. ಎ. ಪೈಗಳು, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲಸಂಸ್ಥೆಯನ್ನು ಕಟ್ಟಿದವರಲ್ಲೊಬ್ಬರು, 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಮುಂದೆ ಇಂಥ ಕಾಲೇಜುಗಳು ನಾಡಿನಲ್ಲಿ ಹೆಚ್ಚಿದುವು. ಕ್ಯಾಪಿಟೇಶನ್ ಹಣದ ಪಿಡುಗೂ ಹೆಚ್ಚಿತು. ಅದನ್ನು ನಿಷೇಧಿಸಲು ಕರ್ನಾಟಕವು 1984ರಲ್ಲಿ ಕಾಯಿದೆಯನ್ನು ಮಾಡಿತು. ಆ ಕಾಯಿದೆಯ ಮೇರೆಗೆ 1989ರ ಜೂನ್ 5ರಂದು ಹೊರಟ ಅಧಿಸೂಚನೆಯು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ವಾರ್ಷಿಕ ಶುಲ್ಕವನ್ನು ಹೀಗೆ ನಿಗದಿಪಡಿಸಿತು: ಸರಕಾರಿ ಸೀಟಿನವರಿಗೆ 2,000 ರೂಪಾಯಿ, ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000, ಕರ್ನಾಟಕದ ಹೊರಗಿನ ಭಾರತೀಯರಿಗೆ 60,000. ಒಂದೇ ಬೆಂಚು, ಒಂದೇ ಪಾಠ, ಒಂದೇ ಪರೀಕ್ಷೆ. ಆದರೆ ಒಬ್ಬನ ಮೂವತ್ತು ಪಟ್ಟು ಮತ್ತೊಬ್ಬನಿಗೆ!

1991ರಲ್ಲಿ ಮೀರತ್‌ನ ವಿದ್ಯಾರ್ಥಿನಿಯೊಬ್ಬರಿಗೆ ತುಮಕೂರಿನ ಒಂದು ಖಾಸಗಿ ಕಾಲೇಜು, ಮೊದಲ ವರ್ಷಕ್ಕೆ 60,000 ರೂಪಾಯಿ ಕಟ್ಟಿ ಉಳಿದ ವರ್ಷಗಳಿಗೆ ಬ್ಯಾಂಕ್ ಗ್ಯಾರಂಟಿ ಕೊಡಬೇಕೆಂದು ತಿಳಿಸಿತು. ಮೋಹಿನಿ ಜೈನ್ ಪ್ರಕರಣವೆಂದು ಪ್ರಸಿದ್ಧವಾದುದು ಇದೇ. 1992ರ ಜುಲೈ 30ರಂದು ಸುಪ್ರೀಂ ಕೋರ್ಟು, ಸರಕಾರಿ ಸೀಟಿನವರಿಗಿಂತ ಹೆಚ್ಚಾಗಿ ಪಡೆಯುವ ಈ ಹಣವು ಶುಲ್ಕದ ಹೆಸರಿನ ಕ್ಯಾಪಿಟೇಶನ್ನೇ ಎಂದು ಹೇಳಿ ಆ ವ್ಯವಸ್ಥೆಯನ್ನು ರದ್ದುಪಡಿಸಿತು. ನಮಗೆ ತೋರುವಂತೆ, ಇಂದೂರಿನ ತರ್ಕ ಖಾಸಗಿ ಕಾಲೇಜಿಗೆ ಅಷ್ಟಾಗಿ ಒಗ್ಗುವುದಿಲ್ಲ. ಬೊಕ್ಕಸದ ಹಣದಿಂದ ನಡೆಯದ ಕಡೆ ಬೊಕ್ಕಸದ ಹೆಸರಿನಲ್ಲಿ ಭೇದವೇಕೆ?

ಕತೆ ಅಲ್ಲಿಗೆ ಮುಗಿಯಲಿಲ್ಲ. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅರ್ಧ ಸೀಟು ಉಚಿತ, ಅರ್ಧ ಸೀಟು ಹಣ ತೆರುವವರಿಗೆ ಎಂಬ ಯೋಜನೆ ಬಂದಿತು. 2002ರ ಅಕ್ಟೋಬರ್ 31ರಂದು, ರಾಜ್ಯೋತ್ಸವದ ಮುನ್ನಾದಿನವೇ, ಟಿ. ಎಂ. ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ಯೋಜನೆಯನ್ನು ತೆಗೆದುಹಾಕಿತು: ಒಬ್ಬನ ಓದಿನ ಖರ್ಚನ್ನು ಇನ್ನೊಬ್ಬನ ತಲೆಗೆ ಕಟ್ಟುವುದು ಸಲ್ಲದು, ಉಚಿತ ಸೀಟು ಅನೇಕ ವೇಳೆ ಉಳ್ಳವರ ಮಕ್ಕಳಿಗೇ ಸಿಕ್ಕಿದೆ. 2005ರ ಇನಾಂದಾರ್ ತೀರ್ಪು ಅನಿವಾಸಿ ಭಾರತೀಯರಿಗೆ ಹೆಚ್ಚೆಂದರೆ ನೂರಕ್ಕೆ 15 ಸೀಟು ಎಂದು ಮಿತಿ ಹಾಕಿತು. ತೀರ್ಪು ಎಷ್ಟೇ ಬಂದರೂ ಅಂಕಣಗಳು ಅಳಿದುಹೋಗಲಿಲ್ಲ. ಅವುಗಳ ಹೆಸರು ಮಾತ್ರ ಬದಲಾಗುತ್ತ ಬಂದಿವೆ.

ಹಾಗಾದರೆ ಹಿರಿಯರ ಪ್ರಶ್ನೆಗೆ ಉತ್ತರವೇನು? ಕರ್ನಾಟಕದ ಸಾಮಾನ್ಯ ಪ್ರವೇಶದ ನಿಯಮಗಳಲ್ಲಿ, ರಾಜ್ಯದಲ್ಲಿ ಏಳು ವರ್ಷ ಓದಿರಬೇಕೆಂಬುದು ಮುಖ್ಯ ಷರತ್ತು. ಆದರೆ ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಹೊರನಾಡ ಕನ್ನಡಿಗರಿಗೆಂದು ಬೇರೊಂದು ಬಾಗಿಲೂ ಇದೆ. ಅದರೊಳಗೆ ಬರುವವರು ಕನ್ನಡ ಭಾಷಾ ಪರೀಕ್ಷೆಯನ್ನು ಎದುರಿಸಬೇಕು. ಆಯಾ ವರ್ಷದ ಕೈಪಿಡಿಯನ್ನು ಪೋಷಕರು ಮುಂಚಿತವಾಗಿಯೇ ಓದಿ, ಶಾಲೆಯ ಪ್ರಮಾಣಪತ್ರಗಳನ್ನು ಜೋಪಾನವಾಗಿ ಇರಿಸಿಕೊಳ್ಳುವುದು ಒಳಿತು. ಸೀಟು ಸಿಕ್ಕಿದ ಮೇಲೆ ಅಂಕಣ ಬದಲಾಯಿಸುವುದು ಸುಲಭವಲ್ಲ.

ಇದನ್ನು ನಾವು ಆ ಹಿರಿಯರಿಗೆ ತಿಳಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, “ಮನ್ಯಾಗ ಛಲೋ ಮಾತಾಡ್ತಾನ್ರಿ. ಬರೀಲಿಕ್ಕೆ ಬರೂದಿಲ್ಲ. ನಾವು ಕಲಿಸಲಿಲ್ಲ,” ಎಂದರು. ಅವರ ಮಗನಿಗೆ ಕಾಲ ಮಿಂಚಿತ್ತು. ಕಿರಿಯ ಮಗಳು ಈಗ ಏಳನೆಯ ತರಗತಿಯಲ್ಲಿದ್ದಾಳೆ. ಪ್ರತಿ ಭಾನುವಾರ ಬೆಳಿಗ್ಗೆ ಕನ್ನಡದ ಪಾಟಿ ಹಿಡಿದು ಕುಳಿತುಕೊಳ್ಳುತ್ತಾಳೆ. ನಮ್ಮ ಮನೆಗಳಲ್ಲಿ ಅಂಥ ಮಕ್ಕಳು ಇನ್ನೂ ಎಷ್ಟೋ ಮಂದಿ ಇದ್ದಾರೆ. ಅವರ ಹೆಸರನ್ನು ಯಾವ ಅಂಕಣದಲ್ಲಿ ಬರೆಯಬೇಕೆಂಬುದನ್ನು ಸರಕಾರ ನಿರ್ಧರಿಸಲಿ; ಆ ಹೆಸರನ್ನು ಕನ್ನಡದಲ್ಲಿ ಬರೆಯಲು ಕಲಿಸುವ ಭಾರ ಮಾತ್ರ ನಮ್ಮದೇ.